ಕದ್ದ ಪಿರಿಯಡ್ಡುಗಳು

ಕಾರ್ಡು ಮೇಡಂಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಬಾಯಿ ಅವರದು. ಗ್ರಂಥಪಾಲಕರನ್ನು ತಯಾರು ಮಾಡುವ ವಿಭಾಗದಲ್ಲಿ ಅರ್ಧ ಆಯುಷ್ಯ ಸವೆಸಿ, ಒಂದು ಬೆಳಿಗ್ಗೆ ಮೀಟಿಂಗಿಗೆ ಹೋಗಿ ಕೂತು, ನೀವು ಕಲಿಸುವ ವಿಷಯ ಇನ್ನು ಮೇಲೆ ಬೇಡ ಎಂದು ಯಾರಾದರೂ ಬಿಸ್ಕತ್ತು ಕಡಿಯುತ್ತಾ ಹೇಳಿದರೆ ಅವರ ಮೂಗು ಎಷ್ಟು ತಣ್ಣಗಿರುತ್ತದೋ ನಾನೂ ನೋಡಬೇಕು.

ಬಿಸ್ಕತ್ತು ಕಡಿಯುತ್ತಾ ಹೇಳಿದವರು ವಿಭಾಗದ ಹೆಡ್ ಸಾಹೇಬರು. ಆ ಮನುಷ್ಯನಿಗೆ ಇವತ್ತು ಅನ್ನುವುದೇ ಇರಲಿಲ್ಲ. ಬಾಯಿ ತೆರೆದರೆ ಮುಂದಿನ ಕಾಲ.

"ಮುಂದಿನ ಕಾಲದಲ್ಲಿ ಪುಸ್ತಕಕ್ಕೆ ನಂಬರ್ ಕೊಡೋ ಕೆಲಸ ಮನುಷ್ಯರು ಮಾಡಲ್ಲ ಮೇಡಂ. ಅದಕ್ಕೇ ವರ್ಗೀಕರಣದ ಪ್ರಾಕ್ಟಿಕಲ್ ತೆಗೀತಿದೀವಿ. ಆ ಪಿರಿಯಡ್ಡುಗಳಿಗೆ 'ಬಳಕೆದಾರರ ಡಿಜಿಟಲ್ ನೆರವು' ಅಂತ ಹೊಸ ಪೇಪರು. ಅದನ್ನೂ ನೀವೇ ತಗೊಳ್ಳಿ."

"ಬಳಕೆದಾರ ಅಂದ್ರೆ ಯಾರು ಸರ್? ಓದುಗನಾ?"

"ಅದೇ. ಈಗ ಹಾಗೆ ಕರೀತಾರೆ."

"ಓದುಗ ಅನ್ನೋ ಮಾತಿಗೆ ಏನ್ ರೋಗ ಬಂದಿತ್ತು?"

ಮೀಟಿಂಗಿನಲ್ಲಿದ್ದ ಉಳಿದವರೆಲ್ಲ ತಂತಮ್ಮ ಚಹಾದ ಕಪ್ಪಿನೊಳಗೆ ಇಣುಕಿದರು. ಮೇಡಂ ಹೇಳಬೇಕಾದ್ದನ್ನೆಲ್ಲ ಹೇಳಿದರು, ಹೇಳಬಾರದ್ದನ್ನೂ ಸ್ವಲ್ಪ ಹೇಳಿದರು. ಆದರೂ ವರ್ಗೀಕರಣದ ಪೇಪರು ಹೋಯಿತು.

ಹೋಗಿದ್ದೇನು ಎಂದು ತಿಳಿಯಬೇಕಾದರೆ ಮೇಡಂ ಅವರ ಪ್ರಾಕ್ಟಿಕಲ್ ಕೋಣೆ ನೋಡಬೇಕು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ಎಲ್ಲ ಬಗೆಯ ಹಳೆಯ ಪುಸ್ತಕಗಳು. ಪ್ರತಿ ಪುಸ್ತಕದ ಬೆನ್ನಿನ ನಂಬರನ್ನು ಮೇಡಂ ಕಂದು ಕಾಗದ ಅಂಟಿಸಿ ಮುಚ್ಚಿದ್ದರು. ಇದು ಯಾವ ವಿಷಯದ ಪುಸ್ತಕ, ಯಾವ ಕಪಾಟಿಗೆ ಹೋಗಬೇಕು ಎಂದು ವಿದ್ಯಾರ್ಥಿಯೇ ಯೋಚಿಸಿ, ನಂಬರು ಕಟ್ಟಿ, ಕಾರ್ಡಿನ ಮೇಲೆ ಬರೆಯಬೇಕು. ಕಾರ್ಡು ಮೇಡಂ ಎಂಬ ಹೆಸರು ಬಂದದ್ದೇ ಈ ಕಾರ್ಡುಗಳಿಂದ. ಜೇನುಹುಳದ ಪುಸ್ತಕ ಕೀಟಗಳ ಜೊತೆ ಕೂರುತ್ತದೋ ಕೃಷಿಯ ಜೊತೆ ಕೂರುತ್ತದೋ? ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. "ಹೆಸರು ನೋಡಿ ಮೋಸ ಹೋಗಬೇಡ್ರೋ. ಅದನ್ನ ಓದೋಕೆ ಬರೋನು ಯಾರು, ಅವನು ಎಲ್ಲಿ ಹುಡುಕ್ತಾನೆ, ಅದನ್ನ ಯೋಚನೆ ಮಾಡಿ" ಎನ್ನುತ್ತಿದ್ದರು ಮೇಡಂ. ತಪ್ಪು ಕಪಾಟಿಗೆ ಹೋದ ಪುಸ್ತಕ ಸತ್ತಂತೆಯೇ ಲೆಕ್ಕ ಎಂಬುದು ಅವರ ನಂಬಿಕೆ. ಆ ನಂಬಿಕೆಯಲ್ಲೇ ಅವರ ಕೂದಲು ಬೆಳ್ಳಗಾಗಿದ್ದು.

ಈಗ ಈ ಕೋಣೆಗೆ ಕಂಪ್ಯೂಟರ್ ತಂದಿಟ್ಟು, ಬಾಗಿಲಿಗೆ ಹೊಸ ಪೇಪರಿನ ಹೆಸರು ಹಾಕಿದರು. ಮೇಡಂ ಅದನ್ನು ಓದಿದರು, ಒಳಗೆ ಹೋದರು, ಬಾಗಿಲು ಹಾಕಿಕೊಂಡರು, ಕಪಾಟು ತೆಗೆದರು. ಟೈಮ್‌ಟೇಬಲ್ಲಿನಲ್ಲಿ ಡಿಜಿಟಲ್ ನೆರವು, ಮೇಜಿನ ಮೇಲೆ ಜೇನುಹುಳ. ಆ ಪೇಪರಿಗೆ ಬರೆಯುವ ಪರೀಕ್ಷೆ ಇರಲಿಲ್ಲ, ಅಂಕ ಕೊಡುವುದು ಮೇಡಂ ಕೈಯಲ್ಲೇ ಇತ್ತು. ಹೆಡ್ ಸಾಹೇಬರಂತೂ ಮುಂದಿನ ಕಾಲ ಬಿಟ್ಟು ಈ ಕೋಣೆಯ ಕಡೆ ತಲೆ ಹಾಕಿದವರೇ ಅಲ್ಲ. ಹೊಸ ಪೇಪರಿನ ಪಾಠಪಟ್ಟಿಯನ್ನು ಮೇಡಂ ಡ್ರಾಯರಿಗೆ ಎಸೆದು, ಅದರ ಮೇಲೆ ಅಂಟಿನ ಡಬ್ಬಿ ಇಟ್ಟರು. ಒಂದು ಪುಟವನ್ನೂ ತಿರುವಲಿಲ್ಲ. ತಿರುವಬೇಕು ಅನ್ನಿಸಲೂ ಇಲ್ಲ.

ಆ ತರಗತಿಯ ಮೊದಲ ಬೆಂಚಿನಲ್ಲಿ ಅವರ ಅಕ್ಕನ ಮಗಳೇ ಕೂತಿದ್ದಳು. ಮನೆಯಲ್ಲಿ ಪುಟ್ಟಿ ಎಂದರೆ ಅವಳು. ಅಕ್ಕನಿಗೆ ಮಗಳು ನರ್ಸ್ ಆಗಲಿ ಎಂದಿತ್ತು. "ಅವಳಿಗೆ ರಕ್ತ ನೋಡಿದ್ರೆ ತಲೆ ತಿರುಗುತ್ತೆ, ಪುಸ್ತಕ ನೋಡಿದ್ರೆ ಊಟ ಮರೀತಾಳೆ. ನನ್ನ ಹತ್ರ ಕಳ್ಸು, ಕೆಲಸಕ್ಕೆ ನಾನು ಜವಾಬ್ದಾರಿ" ಎಂದು ಎದೆ ತಟ್ಟಿಕೊಂಡು ಕರೆತಂದವರು ಈ ಚಿಕ್ಕಮ್ಮ. ಎರಡು ವರ್ಷ ಕಲಿತು ಪುಟ್ಟಿ ಒಳ್ಳೆಯ ಅಂಕದಲ್ಲೇ ಪಾಸಾದಳು. ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಖಾಲಿ ಇದೆ ಎಂದು ಗೊತ್ತಾಗಿ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆಯೂ ಬಂತು.

ಸಂದರ್ಶನದ ಮೇಜಿನಾಚೆ ತಜ್ಞರೆಂದು ಕೂತಿದ್ದವರು ಯಾರು? ಇದೇ ಹೆಡ್ ಸಾಹೇಬರು. ಗ್ರಂಥಾಲಯದವರು ತಜ್ಞ ಬೇಕು ಎಂದಾಗಲೆಲ್ಲ ಅವರೇ ಹೋಗುವುದು. ಅವರು ಪುಟ್ಟಿಯ ಕೈಗೆ ಒಂದು ಪುಸ್ತಕ ಕೊಟ್ಟರು. ಹೆಸರು 'ಉಪ್ಪು', ಅಷ್ಟೇ. ಇದು ಎಲ್ಲಿ ಕೂರಬೇಕು ಎಂದು ಕೇಳಿದರು. ಪುಟ್ಟಿ ಒಳಪುಟ ತಿರುವಿ ನೋಡಿದಳು. "ಇದು ರಸಾಯನಶಾಸ್ತ್ರ ಅಲ್ಲ ಸರ್, ಅಡುಗೆಯೂ ಅಲ್ಲ. ಹಡಗು, ಸುಂಕ, ಮಾರುಕಟ್ಟೆ ಬಗ್ಗೆ ಬರೆದಿದ್ದಾರೆ. ವ್ಯಾಪಾರದ ಕಪಾಟಿಗೆ" ಎಂದು ನಂಬರನ್ನೂ ಹೇಳಿದಳು.

ಹೆಡ್ ಸಾಹೇಬರ ಹುಬ್ಬು ಮೇಲೆ ಹೋಯಿತು. "ಇದನ್ನ ಎಲ್ಲಿ ಕಲಿತೆ?"

ಪುಟ್ಟಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಡಿಜಿಟಲ್ ನೆರವಿನ ಪಿರಿಯಡ್ಡಲ್ಲಿ ಸರ್. ಕಾರ್ಡು ಮೇಡಂ ನಮಗೆಲ್ಲ ಕಲಿಸಿದ್ರು."

ಕೆಲಸ ಸಿಗಲಿಲ್ಲ. ಗ್ರಂಥಾಲಯದ ನೇಮಕಾತಿ ನಿಯಮದ ಪ್ರಕಾರ ಅಭ್ಯರ್ಥಿ ವರ್ಗೀಕರಣದ ಪ್ರಾಕ್ಟಿಕಲ್ ಓದಿರಬೇಕು. ಪುಟ್ಟಿಯ ಅಂಕಪಟ್ಟಿಯಲ್ಲಿ ಅದಿಲ್ಲ. ಈ ನಿಯಮ ಬರೆದುಕೊಟ್ಟವರೂ, ಹಿಂದೆ ಯಾವಾಗಲೋ, ಇದೇ ಹೆಡ್ ಸಾಹೇಬರು! ಬಲಗೈಯಲ್ಲಿ ಬೇಕು ಎಂದು ಬರೆದು ಎಡಗೈಯಲ್ಲಿ ತೆಗೆದುಹಾಕಿದ ಪುಣ್ಯಾತ್ಮ, ನಡುವೆ ಸಿಕ್ಕಿಕೊಂಡವರ ಗತಿಯೇನು ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಗೊತ್ತಿಲ್ಲದ ಕೆಲಸ ಗೊತ್ತಿದೆ ಎಂದವರನ್ನು ಹೊರಗೆ ಹಾಕುವುದು ಕೇಳಿದ್ದೇವೆ. ಎಲ್ಲರೆದುರು ಮಾಡಿ ತೋರಿಸಿದವಳನ್ನು ನಿನಗೆ ಬರುವುದಿಲ್ಲ ಎಂದು ಕಳಿಸಿದ್ದು ಇದೇ ಮೊದಲು.

ವಿಷಯ ತಿಳಿದು ಮೇಡಂ ಅಕ್ಕನ ಮನೆಗೆ ಓಡಿದರು. ಅಕ್ಕ ಒಲೆಯ ಮುಂದೆ ನಿಂತಿದ್ದಳು, ತಿರುಗಿಯೂ ನೋಡಲಿಲ್ಲ.

"ಜವಾಬ್ದಾರಿ ಅಂದಿದ್ಯಲ್ಲೇ" ಎಂದಳು ಸೌಟು ಆಡಿಸುತ್ತಾ. "ಅವಳ ವಾರಿಗೆಯೋರಲ್ಲಿ ನರ್ಸಿಂಗ್ ಸೇರಿದೋರೆಲ್ಲ ಕೆಲಸಕ್ಕೆ ಹೋಗ್ತಿದಾರೆ. ನನ್ನ ಮಗಳು ಬಾಗಿಲು ಹಾಕ್ಕೊಂಡು ಮಲಗಿದಾಳೆ. ನಿನ್ನ ಮಾತು ಕಟ್ಕೊಂಡು ನಾನು ಹಾಳಾದೆ."

ಮೇಡಂಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು, ಅಕ್ಕನ ಮೇಲಲ್ಲ, ಹೆಡ್ ಸಾಹೇಬರ ಮೇಲೆ. ಮಾರನೆಯ ದಿನವೇ ವಿಶ್ವವಿದ್ಯಾಲಯದ ಕುಲಸಚಿವರ ಬಳಿ ಹೋಗಿ ಜಗಳ ತೆಗೆದರು. ಕುಲಸಚಿವರು ಎಲ್ಲವನ್ನೂ ಕೇಳಿಸಿಕೊಂಡು, ಗ್ರಂಥಾಲಯದವರೊಂದಿಗೆ ಮಾತಾಡಿ, ಒಂದು ದಾರಿ ಇದೆ ಎಂದರು. ವರ್ಗೀಕರಣವನ್ನು ತರಗತಿಯಲ್ಲೇ, ಪಿರಿಯಡ್ಡಿನ ಹೊತ್ತಿನಲ್ಲೇ ಕಲಿಸಲಾಗಿದೆ ಎಂದು ವಿಶ್ವವಿದ್ಯಾಲಯ ಒಪ್ಪಿಕೊಂಡರೆ ಸಾಕಂತೆ. ವಿಚಾರಣೆಗೆ ಮೇಡಂ ಮತ್ತು ಹೆಡ್ ಇಬ್ಬರನ್ನೂ ಕರೆದರು.

ಆ ದಿನ ಕುಲಸಚಿವರ ಕೋಣೆಯ ಹೊರಗಿನ ಬೆಂಚಿನಲ್ಲಿ ಹೆಡ್ ಸಾಹೇಬರು ಮೇಡಂ ಪಕ್ಕಕ್ಕೆ ಸರಿದು ಕೂತರು. ದನಿ ಬೆಣ್ಣೆಯಂತಿತ್ತು.

"ಮೇಡಂ, ಪಿರಿಯಡ್ಡಲ್ಲಿ ಬೇರೇನೋ ಕಲಿಸಿದೆ ಅಂತ ಒಳಗೆ ಒಪ್ಕೋಬೇಡಿ. ನಿಮ್ಮ ಮೇಲೆ ಕ್ರಮ ತಗೋತಾರೆ. ವಿಭಾಗದ ಮಾನನೂ ಹೋಗುತ್ತೆ. ಚಿಕ್ಕಮ್ಮ ಆಗಿ ಮನೇಲಿ ಹೇಳ್ಕೊಟ್ಟೆ ಅಂದ್ಬಿಡಿ."

"ಮನೇಲಿ ಕಲಿತಿದ್ದು ಲೆಕ್ಕಕ್ಕೆ ಬರಲ್ಲ ಸರ್. ಪುಟ್ಟಿ ಕೆಲಸ?"

"ಮುಂದಿನ ಸಲ ನಿಯಮ ಬದಲಾಯಿಸೋಣ. ಒಬ್ಬಳು ಒಂದು ವರ್ಷ ಕಾದ್ರೆ ಏನಾಯ್ತು?"

ಏನಾಯ್ತಂತೆ! ಅಷ್ಟು ಹೇಳಿದ್ದೇ ತಡ, ಮೇಡಂ ಧಡಕ್ಕನೆ ಎದ್ದು, ಕರೆಯುವ ಮುಂಚೆಯೇ ಬಾಗಿಲು ತಳ್ಳಿ ಒಳಗೆ ನುಗ್ಗಿದರು.

"ಕಲಿಸಿದೀನಿ ಸರ್" ಎಂದರು, ಕೂರದೆಯೇ. "ಎರಡು ವರ್ಷ, ಆ ಪೇಪರಿನ ಪಿರಿಯಡ್ಡು ಒಂದನ್ನೂ ಬಿಡದೆ ಅದನ್ನೇ ಕಲಿಸಿದೀನಿ. ಪುಟ್ಟಿಗೊಬ್ಬಳಿಗೇ ಅಲ್ಲ, ಇಡೀ ಕ್ಲಾಸಿಗೆ. ಹೊಸ ಪೇಪರಿನ ಒಂದು ಅಕ್ಷರಾನೂ ಕಲಿಸಿಲ್ಲ. ನನ್ನನ್ನ ಏನ್ ಮಾಡ್ತೀರೋ ಮಾಡಿ. ಆ ಮಕ್ಕಳಿಗೆ ಬರಲ್ಲ ಅಂತ ಮಾತ್ರ ಹೇಳಬೇಡಿ."

ಕುಲಸಚಿವರು ಇಬ್ಬರನ್ನೂ ಬಿಡಲಿಲ್ಲ. ಮೇಡಂ ಒಂದು ವರ್ಷ ಪಾಠ ಮಾಡುವಂತಿಲ್ಲ. ಎರಡು ವರ್ಷ ತಮ್ಮ ವಿಭಾಗದಲ್ಲಿ ಏನು ನಡೆಯುತ್ತಿದೆ ಎಂದು ನೋಡದ ಹೆಡ್ ಸಾಹೇಬರು ಆ ಹೊಸ ಪೇಪರನ್ನು ಇನ್ನು ತಾವೇ ಕಲಿಸಬೇಕು. ಗ್ರಂಥಾಲಯಕ್ಕೆ ಪತ್ರ ಹೋಯಿತು, ಪುಟ್ಟಿಗೆ ಕೆಲಸ ಸಿಕ್ಕಿತು. ಅಕ್ಕ ಬಂದು ತಂಗಿಯ ಕೈ ಹಿಡಿದುಕೊಂಡು ಅತ್ತಳು. ಮೇಡಂ ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ನನಗೂ ಮುಗಿಸಿ ಎದ್ದು ಹೋಗಬೇಕೆಂಬ ಆಸೆಯಿದೆ. ಆದರೆ ಒಂದು ರಜೆಯ ದಿನ ಪುಟ್ಟಿ ಚಿಕ್ಕಮ್ಮನ ಮನೆಗೆ ಬಂದಳು. ಚಪ್ಪಲಿ ಬಿಟ್ಟ ರೀತಿಯಲ್ಲೇ ಅವಳ ಸಿಟ್ಟು ಕಾಣುತ್ತಿತ್ತು.

"ಹೇಗಿದೆಯೇ ಕೆಲಸ? ದಿನಕ್ಕೆ ಎಷ್ಟು ಪುಸ್ತಕಕ್ಕೆ ನಂಬರ್ ಹಾಕ್ತೀಯ?" ಎಂದರು ಮೇಡಂ ಹಿಗ್ಗಿನಿಂದ.

"ಒಂದಕ್ಕೂ ಇಲ್ಲ. ಪುಸ್ತಕ ಕೊಡೋ ಕಂಪನಿಯವರೇ ನಂಬರ್ ಅಂಟಿಸಿ ಕಳಿಸ್ತಾರೆ."

"ಮತ್ತೆ ದಿನವಿಡೀ ಏನ್ ಮಾಡ್ತೀಯ?"

"ಕೌಂಟರಲ್ಲಿ ನಿಂತು ಬೈಸ್ಕೋತೀನಿ." ಪುಟ್ಟಿ ಕುರ್ಚಿ ಎಳೆದು ಕೂತಳು. "ಜನ ಬರೋದು ಕಂಪ್ಯೂಟರಲ್ಲಿ ಅರ್ಜಿ ತುಂಬಿಸ್ಕೊಳ್ಳೋಕೆ ಚಿಕ್ಕಮ್ಮ. ಮನೇಲಿ ಕಂಪ್ಯೂಟರ್ ಇಲ್ಲ, ಇದ್ರೂ ಬರಲ್ಲ. ಮೊನ್ನೆ ಒಬ್ರು ಅಜ್ಜಿ ಬಂದಿದ್ರು. ಗಂಡ ತೀರ್ಕೊಂಡಿದಾರೆ, ಪಿಂಚಣಿ ತನ್ನ ಹೆಸರಿಗೆ ಮಾಡಿಸ್ಕೋಬೇಕು. ಅರ್ಜಿ ಮುಂದೆ ಹೋಗಬೇಕಾದ್ರೆ ಫೋನಿಗೆ ಒಂದು ನಂಬರ್ ಬರುತ್ತೆ. ಅದು ಬರೋದು ಗಂಡನ ಫೋನಿಗೆ. ಆ ಫೋನ್ ಕನೆಕ್ಷನ್ ಕಟ್ ಆಗಿದೆ. ನನಗೆ ಏನ್ ಮಾಡಬೇಕು ಗೊತ್ತಾಗ್ಲಿಲ್ಲ. ಏನೋ ಒತ್ತಿದೆ. ಇಡೀ ಅರ್ಜಿ ರದ್ದಾಗೋಯ್ತು. ಅಜ್ಜಿ ಒಂದು ಮಾತೂ ಬೈಲಿಲ್ಲ. ನಾಳೆ ಬರಲೇನಮ್ಮ ಅಂದ್ರು. ದಿನಾ ಬರ್ತಿದಾರೆ."

ಮೇಡಂ ಕಾಫಿಯ ಲೋಟವನ್ನು ಅವಳ ಮುಂದೆ ತಂದಿಟ್ಟರು.

"ನನ್ನ ಪಕ್ಕದ ಕೌಂಟರಲ್ಲಿ ಇರೋಳು ಬೇರೆ ಯೂನಿವರ್ಸಿಟಿಯವಳು. ಅವಳಿಗೆ ಇದೆಲ್ಲ ಸಲೀಸು. ಅವಳ ಮುಂದಿನ ಸಾಲು ಮುಗಿಯೋದೇ ಇಲ್ಲ, ನನ್ನ ಕಡೆ ತಿರುಗೋಕೂ ಬಿಡುವಿಲ್ಲ. ಎಲ್ಲಿ ಕಲಿತೆ ಅಂದ್ರೆ, ಇದಕ್ಕೇ ಒಂದು ಪೇಪರಿತ್ತಲ್ಲ ಅಂತಾಳೆ. ಅವರಲ್ಲಿ ವರ್ಗೀಕರಣನೂ ಇದೆ, ಇದೂ ಇದೆ. ಎರಡೂ ಇದೆ ಚಿಕ್ಕಮ್ಮ." ಪುಟ್ಟಿ ಲೋಟವನ್ನು ಆಚೆ ತಳ್ಳಿದಳು. "ನೀನು ಅವರ ಮೇಲಿನ ಸಿಟ್ಟು ತೀರಿಸ್ಕೊಂಡೆ. ನಮ್ಮ ಪಿರಿಯಡ್ಡುಗಳಲ್ಲಿ ತೀರಿಸ್ಕೊಂಡೆ."

ಪುಟ್ಟಿ ಕಾಫಿಯನ್ನೂ ಕುಡಿಯದೆ ಎದ್ದು ಹೋದಳು. ಮೇಡಂಗೆ ಜೀವಮಾನದಲ್ಲಿ ಮೊದಲ ಸಲ ತಮ್ಮ ಮೇಲೆ ತಮಗೇ ಕೋಪ ಬಂತು. ಬೇರೆಯವರ ಮೇಲೆ ಬಂದ ಕೋಪವನ್ನು ಬೈದು ಇಳಿಸಬಹುದು, ಇದನ್ನು ಎಲ್ಲಿಗೆ ಇಳಿಸುವುದು?

ಮರುದಿನ ಬೆಳಿಗ್ಗೆ ವಿಭಾಗಕ್ಕೆ ಹೋಗಿ, ಡ್ರಾಯರಿನಿಂದ ಆ ಪಾಠಪಟ್ಟಿಯನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದರು. ಸಬಲೀಕರಣವಂತೆ, ಸಂವಹನ ಮಾದರಿಗಳಂತೆ, ಜಾಗತಿಕ ದೃಷ್ಟಿಕೋನವಂತೆ. ಓದುತ್ತಾ ಓದುತ್ತಾ ಹಳೆಯ ಕೋಪ ಮತ್ತೆ ತಲೆಗೇರಿತು. ಇಷ್ಟುದ್ದದ ಪಟ್ಟಿಯಲ್ಲಿ ಕೌಂಟರಿನ ಮುಂದೆ ನಿಂತ ಒಬ್ಬ ಮನುಷ್ಯನೂ ಇರಲಿಲ್ಲ. ತಾವು ಇದನ್ನೇ ಪ್ರಾಮಾಣಿಕವಾಗಿ ಕಲಿಸಿದ್ದರೂ ಪುಟ್ಟಿ ಆ ಅಜ್ಜಿಯ ಮುಂದೆ ಹಾಗೆಯೇ ನಿಂತಿರುತ್ತಿದ್ದಳು. ಆ ಮಾತು ಮೇಡಂಗೆ ಸಮಾಧಾನವನ್ನೇನೂ ತರಲಿಲ್ಲ. ಓದಿದ್ದರೆ ಅಂದೇ ಗೊತ್ತಾಗುತ್ತಿತ್ತು. ಗೊತ್ತಾಗಿದ್ದರೆ ಅಂದೇ ಜಗಳ ಆಡಬಹುದಿತ್ತು, ಬೇಕಾದ ಜಗಳವನ್ನು.

ಪ್ರಾಕ್ಟಿಕಲ್ ಕೋಣೆಯಲ್ಲಿ ಹೆಡ್ ಸಾಹೇಬರ ಪಾಠ ನಡೆಯುತ್ತಿತ್ತು. ಪರದೆಯ ಮೇಲಿದ್ದುದನ್ನು ಓದಿ ಹೇಳುತ್ತಿದ್ದರು. ಮೇಡಂ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹುಡುಗರೆಲ್ಲ ತಿರುಗಿ ನೋಡಿದರು.

"ಏನ್ ಮೇಡಂ? ನೀವು ಪಾಠ ಮಾಡೋ ಹಾಗಿಲ್ಲ" ಎಂದರು ಹೆಡ್ ಸಾಹೇಬರು.

"ಮಾಡೋಕೆ ಬಂದಿಲ್ಲ, ಕಲಿಯೋಕೆ ಬಂದಿದೀನಿ. ಒಂದು ಪ್ರಶ್ನೆ ಇದೆ." ಮೇಡಂ ಅಜ್ಜಿಯ ಅರ್ಜಿಯ ವಿಷಯವನ್ನು ಪುಟ್ಟಿ ಹೇಳಿದಂತೆಯೇ ಹೇಳಿದರು. ಗಂಡನ ಫೋನು, ಬಾರದ ನಂಬರು, ರದ್ದಾದ ಅರ್ಜಿ. "ಈಗ ಕೌಂಟರಲ್ಲಿ ಇರೋಳು ಏನ್ ಮಾಡಬೇಕು ಸರ್?"

ಹೆಡ್ ಸಾಹೇಬರು ಪರದೆ ನೋಡಿದರು. ಕೈಯಲ್ಲಿದ್ದ ಹಾಳೆ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಅದು... ಸಿಲಬಸ್ಸಲ್ಲಿ ಇಲ್ಲ ಮೇಡಂ."

"ಗೊತ್ತು. ಇವತ್ತು ಬೆಳಿಗ್ಗೆ ಓದಿದೆ" ಎಂದರು ಮೇಡಂ. "ನಿಮಗೂ ಬರಲ್ಲ, ನನಗೂ ಬರಲ್ಲ. ನಾವಿಬ್ರೂ ಜಗಳ ಆಡ್ತಾ ಕೂತ್ವಿ, ಆ ಮಗು ಕೌಂಟರಲ್ಲಿ ನಿಂತಿದಾಳೆ. ಪಕ್ಕದ ಕೌಂಟರಿನವಳಿಗೆ ಬರುತ್ತಂತೆ. ನಾಳೆ ಅವಳನ್ನ ಇಲ್ಲಿಗೆ ಕರಿಸಿ ಸರ್. ಅವಳು ಹೇಳಲಿ, ನೀವೂ ಬರ್ಕೊಳ್ಳಿ, ನಾನೂ ಬರ್ಕೋತೀನಿ."

ಹೆಡ್ ಸಾಹೇಬರು ಮುಂದಿನ ಕಾಲದ ಬಗ್ಗೆ ಏನೋ ಹೇಳಲು ಬಾಯಿ ತೆರೆದರು.

"ನಾಳೆ ಅಂದೆ ಸರ್" ಎಂದರು ಮೇಡಂ. "ಅಜ್ಜಿ ನಾಳೆನೂ ಬರ್ತಾರೆ."