ಧನಿಗಳ ಗೇಟು, ಆಯಿಶಮ್ಮನ ಒಲೆ

ಬೆಂಕಿ ಆರಿದ ಮೇಲೆ ಆಯಿಶಮ್ಮನ ಮನೆಯಲ್ಲಿ ಉಳಿದದ್ದು ನಾಲ್ಕು ಮಣ್ಣಿನ ಗೋಡೆ, ಒಂದು ಅರೆಯುವ ಕಲ್ಲು, ಒಂದು ಕೋಳಿ. ಕೋಳಿ ಹೇಗೆ ಉಳಿಯಿತೋ ಕೋಳಿಗೇ ಗೊತ್ತು. ಮಾಡಿನ ಮರದ ಪಕ್ಕಾಸುಗಳು ಉರಿದು, ಹಂಚುಗಳೆಲ್ಲ ಒಳಗೆ ಬಿದ್ದು ಪುಡಿಯಾಗಿದ್ದವು. ಅಕ್ಕಿಯ ಡಬ್ಬ ಕರಟಿತ್ತು. ಮಗಳು ಜುವೈರಿಯಾಳ ಚೊಚ್ಚಲ ಹೆರಿಗೆಗೆಂದು ತೊಳೆದು ಮಡಚಿಟ್ಟಿದ್ದ ಹಳೆಯ ಹತ್ತಿ ಬಟ್ಟೆಗಳು ಬೂದಿಯಾಗಿದ್ದವು. ಆ ಬೂದಿಯ ಎದುರು ಆಯಿಶಮ್ಮ ಕುಳಿತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.

“ಸೀತು, ಇನ್ನು ಅವಳು ಬಾಣಂತನಕ್ಕೆ ಎಲ್ಲಿಗೆ ಬರುದು?” ಎಂದಳು.

“ನನ್ನ ಜಗಲಿ ಇಲ್ವಾ?”

“ನಿನ್ನ ಜಗಲಿಯಲ್ಲಿ ಈಗ ನಾನಿದ್ದೇನೆ. ಮತ್ತೆ ಕೋಳಿ ಉಂಟು.”

ನಾನು ಸೀತು. ಮಂಡೆಕೋಲಿನಿಂದಾಚೆ, ಕೇರಳಕ್ಕೆ ಬೆನ್ನು ಕೊಟ್ಟು ನಿಂತ ಗುಡ್ಡೆಯ ಮೇಲೆ ನಮ್ಮದು ಐದಾರು ಮನೆ. ಗುಡ್ಡೆಯ ಬುಡದಲ್ಲಿ ತ್ಯಾಂಪಣ್ಣ ಧನಿಗಳ ರಬ್ಬರ್ ತೋಟ. ಅದರಲ್ಲಿ ಮರ ಕೊರೆದು ಹಾಲು ಇಳಿಸುವ ಟ್ಯಾಪಿಂಗ್ ಮಾಡುವವಳು ನಾನೇ. ತೋಟದ ನಡುವಿನ ಮಣ್ಣಿನ ರಸ್ತೆಯೇ ನಮ್ಮ ಮನೆಗಳಿಗೆ ದಾರಿ. ನನ್ನ ಅತ್ತೆಯ ಕಾಲದಿಂದ ಎಲ್ಲರೂ ಅದರಲ್ಲೇ ನಡೆದವರು. ಎರಡು ವರ್ಷದ ಹಿಂದೆ ಧನಿಗಳು ಅದಕ್ಕೆ ಗೇಟು ಹಾಕಿಸಿದರು. ಯಾಕೆಂದು ಕೇಳಿದರೆ, “ಕಾಡುಹಂದಿ ಬರ್ತದೆ” ಎಂದರು. ಹಂದಿ ಈಗಲೂ ಬೇಲಿಯ ಅಡಿಯಿಂದ ಆರಾಮವಾಗಿ ಬರುತ್ತದೆ. ಹೋಗಿ ಬರಲು ಕಷ್ಟವಾದದ್ದು ನಮಗೆ. ನೀರು ಹರಿಯುವ ತೋಡಿನ ಬದಿಯ ಕಾಲುದಾರಿಯಲ್ಲಿ ಬಂಡೆ ಹತ್ತಿ, ಬಂಡೆ ಇಳಿದು, ಸುತ್ತು ಹಾಕಿ ಪಂಚಾಯತ್ ರಸ್ತೆ ಸೇರಬೇಕು. ರಸ್ತೆಯ ಆಚೆ ಬದಿಯಲ್ಲಿ ಧನಿಗಳ ಮನೆ. ಜಗಲಿಯಲ್ಲಿ ಕುಳಿತರೆ ಅವರಿಗೆ ಗೇಟು ಕಾಣುತ್ತದೆ. ಪೇಪರ್ ಓದುವಾಗಲೂ ಅವರ ಒಂದು ಕಣ್ಣು ಗೇಟಿನ ಮೇಲೇ.

ಇನ್ನು ಎಲೆಯ ವಿಷಯ ಹೇಳಬೇಕು. ಚಳಿ ಮುಗಿಯುವಾಗ ರಬ್ಬರ್ ಮರ ಎಲೆ ಉದುರಿಸುತ್ತದೆ. ತೋಟವಿಡೀ ಹಪ್ಪಳ ಹರಡಿದಂತೆ ಒಣಗಿದ ಎಲೆ. ಮೊದಲೆಲ್ಲ ನಾನು, ಆಯಿಶಮ್ಮ, ಇನ್ನೂ ಕೆಲವು ಹೆಂಗಸರು ಹಿಡಿಸೂಡಿ ಹಿಡಿದು ತೋಟದ ಅಂಚಿನುದ್ದಕ್ಕೂ ನೆಲ ಕಾಣುವ ಹಾಗೆ ಗುಡಿಸುತ್ತಿದ್ದೆವು. ಬೆಂಕಿ ಬಂದರೆ ಅಲ್ಲಿಗೆ ನಿಲ್ಲಬೇಕು. ಗುಡಿಸಿದ ಎಲೆಯನ್ನು ತೋಟದೊಳಗಿನ ಹೊಂಡಗಳಿಗೆ ತುಂಬಿಸುತ್ತಿದ್ದೆವು. ಈ ವರ್ಷ ಧನಿಗಳು ಬೆನ್ನಿಗೆ ಕಟ್ಟಿಕೊಂಡು ಗಾಳಿ ಊದುವ ಮೆಷಿನ್ ತಂದರು. ಅದು ಡರ್ರೆಂದು ಅಷ್ಟೂ ಎಲೆಯನ್ನು ಊದಿ ಬೇಲಿಯಾಚೆ ಹಾಕಿತು. ಬೇಲಿಯಾಚೆ ಎಂದರೆ ನಮ್ಮ ಗುಡ್ಡೆ. ನಮ್ಮ ಕೂಲಿ ಹೋಯಿತು, ಅವರ ಎಲೆ ಬಂತು.

“ಧನಿ, ಇಷ್ಟು ಎಲೆ ನಮ್ಮ ಬದಿಗೆ?” ಎಂದು ನಾನು ಕೇಳಿದ್ದೆ.

“ಒಳ್ಳೆ ಗೊಬ್ಬರ ಮಾರಾಯ್ತಿ. ನಿಮಗೆ ಪುಕ್ಕಟೆ.”

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗಾಳಿ ಬೀಸಿತು. ಗುಡ್ಡೆಯ ಮೇಲಿನ ಕರೆಂಟಿನ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರಿದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಬೆಂಕಿ ಒಣಗಿದ ಮುಳಿಹುಲ್ಲಿಗೆ ಹಿಡಿದಾಗ ಹಸಿ ಸೊಪ್ಪಿನ ಗೆಲ್ಲು ಮುರಿದು ಬಡಿದು ಆರಿಸಬಹುದು ಎಂಬ ಧೈರ್ಯವಿತ್ತು. ಕೂ ಹಾಕಿದೆವು. ಕೂ ಕೇಳಿದವರು ಕೈಯ ಕೆಲಸ ಬಿಟ್ಟು ಓಡಿ ಬಂದರು, ಅದು ನಮ್ಮಲ್ಲಿ ಈಗಲೂ ಉಂಟು. ಆದರೆ ಬೆಂಕಿ ಧನಿಗಳ ಪುಕ್ಕಟೆ ಗೊಬ್ಬರಕ್ಕೆ ಹಿಡಿದ ಮೇಲೆ ಹತ್ತಿರ ನಿಲ್ಲಲು ಯಾರಿಂದಲೂ ಆಗಲಿಲ್ಲ.

ಪೇಟೆಯಿಂದ ಬೆಂಕಿ ಆರಿಸುವ ಗಾಡಿ ಬಂತು. ಗೇಟಿಗೆ ಬೀಗ. ಬೀಗದ ಕೈ ಧನಿಗಳ ಉಡಿದಾರದಲ್ಲಿ. ಉಡಿದಾರ ಸಹಿತ ಧನಿಗಳು ಪುತ್ತೂರಿನಲ್ಲಿ ಮದುವೆ ಊಟಕ್ಕೆ ಕುಳಿತಿದ್ದರು. ಗಾಡಿಯ ಹುಡುಗರು ಕಾಯುವವರಲ್ಲ. ಗೇಟಿನ ಎರಡೂ ಬಾಗಿಲುಗಳನ್ನು ಒಟ್ಟಿಗೆ ಹಿಡಿದು, ಕೂರಿಸಿದ್ದ ಕಬ್ಬಿಣದ ಗೂಟಗಳಿಂದ ಮೇಲಕ್ಕೆತ್ತಿ, ಬದಿಗಿಟ್ಟರು. ನಡುವಿನ ಬೀಗ ಹಾಕಿದ ಹಾಗೇ ಇತ್ತು. ಧನಿಗಳ ಗೇಟು ಎತ್ತಿದರೆ ಬರುತ್ತದೆ ಎಂದು ನಮಗೆ ಗೊತ್ತಾದದ್ದು ಅವತ್ತು.

ಆದರೂ ಪ್ರಯೋಜನವಾಗಲಿಲ್ಲ. ಧನಿಗಳು ಗೇಟಿನ ಕಂಬಗಳನ್ನು ತಮ್ಮ ಕಾರಿನ ಅಳತೆಗೆ ಕಟ್ಟಿಸಿದ್ದರು. ಅಷ್ಟು ದೊಡ್ಡ ಗಾಡಿ ನುಗ್ಗಲಿಲ್ಲ. ಹುಡುಗರು ಪೈಪು ಎಳೆದರು. ಅದು ತೋಟದ ನಡುವಿಗೆ ಬಂದು ಮುಗಿಯಿತು. ಹಾಗಾಗಿ ಧನಿಗಳ ಮರಗಳಿಗೆ ಭರ್ಜರಿ ಸ್ನಾನವಾಯಿತು. ಪಾಪ, ಆ ಹುಡುಗರು ಪೈಪು ಬಿಟ್ಟು ಸೊಪ್ಪು ಹಿಡಿದು ನಮ್ಮ ಜೊತೆ ಗುಡ್ಡೆ ಹತ್ತಿದರು. ಅವರ ಕೈಯೂ ಸುಟ್ಟಿತು. ಮಿಕ್ಕ ಮನೆಗಳು ಉಳಿದವು. ಎಲೆಯ ರಾಶಿಗೆ ತಾಗಿಕೊಂಡಿದ್ದ ಆಯಿಶಮ್ಮನ ಮನೆ ಹೋಯಿತು.

ಸಂಜೆ ಧನಿಗಳು ಬಂದರು. ಮೊದಲು ಗೇಟನ್ನು ಎತ್ತಿಸಿ ಅದರ ಜಾಗದಲ್ಲಿ ಕೂರಿಸಿದರು. ಆಮೇಲೆ, ಯಾರಾದರೂ ಸತ್ತರಾ ಎಂದು ಕೇಳಿದರು.

ಮರುದಿನದಿಂದ ಪರಿಹಾರ ಸುರಿಯತೊಡಗಿತು. ಬೆಂಕಿ ಎಂದರೆ ಜನರಿಗೆ ನೀರಿನ ನೆನಪಾಗುತ್ತದೋ ಏನೋ, ಬಂದವರೆಲ್ಲ ಬಕೆಟ್ ತಂದರು. ಕೆಂಪು ಬಕೆಟ್, ನೀಲಿ ಬಕೆಟ್, ಸಂಘದ ಅಧ್ಯಕ್ಷರ ಫೋಟೋ ಅಂಟಿಸಿದ ಬಕೆಟ್. ಮೈಯೆಲ್ಲ ಬೆವರು ಇಳಿಯುವ ಸೆಕೆಯಲ್ಲಿ ಒಬ್ಬರು ಉಣ್ಣೆಯ ಕಂಬಳಿ ಹೊದೆಸಿ ಹೋದರು. ರಂಝಾನ್ ತಿಂಗಳು ಬೇರೆ. ಒಂದು ತಂಡ ನಟ್ಟನಡು ಮಧ್ಯಾಹ್ನ ಬಿಸಿ ಊಟದ ಪೊಟ್ಟಣ ತಂದಿತು.

“ಅಮ್ಮಾ, ಒಂದು ತುತ್ತು ಬಾಯಿಗಿಡಿ. ಫೋಟೋ ತೆಗೀಲಿಕ್ಕೆ.”

“ನನಗೆ ಉಪವಾಸ ಮಕ್ಕಳೇ.”

“ಅಯ್ಯೋ, ಬೆಂಕಿ ಬಿದ್ದಲ್ಲಿಂದ ಎಂತದೂ ತಿನ್ಲೇ ಇಲ್ವಾ!” ಎಂದು ಅವರಲ್ಲೊಬ್ಬಳು ಕಣ್ಣೊರೆಸಿಕೊಂಡಳು.

ಕೊನೆಗೆ ತುತ್ತನ್ನು ನನ್ನ ಬಾಯಿಗಿಟ್ಟು ಫೋಟೋ ತೆಗೆದರು. ಬೆಂಕಿಯಲ್ಲಿ ಎಲ್ಲವನ್ನೂ ಕಳಕೊಂಡ ಬಡ ಮಹಿಳೆ ಎಂದು ಊರವರ ಮೊಬೈಲುಗಳಲ್ಲಿ ಓಡಾಡಿದ್ದು ನನ್ನ ಮುಖ. ದಿನಾ ಬಂದ ಪೊಟ್ಟಣಗಳನ್ನು ತಿಂದು ಬಡ ಮಹಿಳೆ ಸ್ವಲ್ಪ ದಪ್ಪಗಾದದ್ದೂ ನಿಜ.

ಬಂದವರೆಲ್ಲ ಹೋಗುವಾಗ ಕೇಳುತ್ತಿದ್ದರು: “ಇನ್ನೆಂತ ಬೇಕಮ್ಮ?”

“ದಾರಿ,” ಎನ್ನುತ್ತಿದ್ದಳು ಆಯಿಶಮ್ಮ.

ಅವರು ಗೇಟಿನ ಕಡೆ ನೋಡುತ್ತಿದ್ದರು. ಗೇಟಿನಾಚೆ ಧನಿಗಳ ಮನೆಯ ಕಡೆ ನೋಡುತ್ತಿದ್ದರು. “ಅದು ನಮ್ಮ ಕೈಯಲ್ಲಿಲ್ಲಮ್ಮ. ಇನ್ನೊಂದು ಬಕೆಟ್ ಕೊಡುದಾ?”

ಜುವೈರಿಯಾಳ ದಿನ ಹತ್ತಿರ ಬರುತ್ತಿತ್ತು. ಐವರ್ನಾಡಿನ ಗಂಡನ ಮನೆಯಿಂದ ಅವಳು ಫೋನ್ ಮಾಡಿ, “ಉಮ್ಮ, ಮಾಡು ಆಯ್ತಾ?” ಎಂದು ಕೇಳುತ್ತಿದ್ದಳು. “ಆಗ್ತಾ ಉಂಟು,” ಎಂದು ಆಯಿಶಮ್ಮ ಆಕಾಶ ನೋಡಿಕೊಂಡು ಹೇಳುತ್ತಿದ್ದಳು. ಮಗಳ ಮೊದಲ ಬಾಣಂತನ ತಾಯಿಯ ಮನೆಯಲ್ಲೇ ಆಗಬೇಕು. ತಾಯಿಗೆ ಮನೆ ಇಲ್ಲದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಅಷ್ಟರಲ್ಲಿ ಪುತ್ತೂರು ದರ್ಬೆಯ ಕೆಲವು ಅಂಗಡಿಯವರು ಸೇರಿ ಬುದ್ಧಿವಂತಿಕೆಯ ಕೆಲಸ ಮಾಡಿದರು. ಮಾಡಿಗೆ ತಗಡಿನ ಶೀಟು ಮತ್ತು ಕಬ್ಬಿಣದ ಪೈಪು ಕೊಟ್ಟರು. ಪಿಕಪ್ ಓಡಿಸುವ ಹೈದರ್ ಅದನ್ನು ಹೇರಿಕೊಂಡು ಸಂಜೆಯ ಹೊತ್ತಿಗೆ ಗೇಟಿನ ಎದುರು ಬಂದು ನಿಂತ. ನಾವೆಲ್ಲ ಇಳಿದು ಬಂದೆವು. ಅಷ್ಟು ಉದ್ದದ ಶೀಟು ತೋಡಿನ ಬದಿಯ ಬಂಡೆಗಳ ನಡುವೆ ತಿರುಗುವುದೇ ಇಲ್ಲ. ಗೇಟು ತೆಗೆಯಲೇಬೇಕು.

ಧನಿಗಳು ಜಗಲಿಯಿಂದ ಇಳಿದು ರಸ್ತೆ ದಾಟಿ ಬಂದರು.

“ತೆಗೀತೇನೆ, ಇಲ್ಲ ಅಂದ್ನಾ? ಒಂದು ಮಾತುಂಟು ಆಯಿಶಮ್ಮ. ಈಗ ಇನ್ಶೂರೆನ್ಸಿನವರು ಬರ್ತಾರೆ. ನನ್ನ ಬೇಲಿ ಬದಿಯ ಮರವೂ ಸುಟ್ಟಿದೆಯಲ್ಲ? ಬೆಂಕಿ ನಿನ್ನ ಒಲೆಯಿಂದ ಹಾರಿದ್ದು ಅಂತ ಅವರ ಹತ್ರ ಹೇಳು. ಅಷ್ಟೇ.”

ಎಲೆಯ ರಾಶಿ ತಮ್ಮದೆಂದು ತಿಳಿದರೆ ಮರಗಳ ಪರಿಹಾರಕ್ಕೆ ಕಲ್ಲು ಬೀಳುತ್ತದೆ ಎಂಬ ಹೆದರಿಕೆ ಅವರಿಗೆ.

“ಉಪವಾಸದಲ್ಲಿ ಸುಳ್ಳು ಹೇಳುದಾ ಧನಿ?”

“ಹಾಗಾದ್ರೆ ಉಪವಾಸ ಬಿಟ್ಟ ಮೇಲೆ ಹೇಳು. ಅವರನ್ನು ಅಲ್ಲಿವರೆಗೆ ನಾನು ಕೂರಿಸ್ತೇನೆ.”

ನನಗೆ ಬಾಯಿಗೆ ಬಂದದ್ದು ಬೈದುಬಿಡಬೇಕು ಅನಿಸಿತು. ಆದರೆ ನಾಳೆ ಟ್ಯಾಪಿಂಗ್‌ಗೆ ಬರಬೇಡ ಎಂದರೆ ಗಂಜಿಗೆ ಏನು ಮಾಡಲಿ? ಆಯಿಶಮ್ಮ ಶೀಟು ನೋಡಿದಳು, ಗೇಟು ನೋಡಿದಳು. ಆಮೇಲೆ, “ಹೈದರ್, ಶೀಟು ಇಲ್ಲೇ ಇಳಿಸು,” ಎಂದಳು.

“ಇಲ್ಲಿ? ರಸ್ತೆಯಲ್ಲಾ?”

“ಮನೆ ಇಲ್ಲಿವರೆಗೆ ಬಂತಲ್ಲ. ಮುಂದೆ ಹೋಗ್ಲಿಕ್ಕೆ ದಾರಿ ಇಲ್ಲ. ಇಲ್ಲೇ ಇರ್ಲಿ ಮನೆ.”

ಎರಡು ಶೀಟುಗಳನ್ನು ಗೇಟಿನ ಕಂಬಕ್ಕೆ ಒರಗಿಸಿ ನೆರಳು ಮಾಡಿಸಿದಳು. ಮೂರು ಕಲ್ಲು ಇಟ್ಟಳು. ನನ್ನ ಮನೆಯಿಂದ ಪಾತ್ರೆ, ಅಕ್ಕಿ, ತೆಂಗಿನಕಾಯಿ, ಜೊತೆಗೆ ಬಕೆಟುಗಳನ್ನೂ ತರಿಸಿದಳು. ಬಿದ್ದಿದ್ದ ರಬ್ಬರ್ ಪುಳ್ಳೆಗಳನ್ನು ಆಯ್ದು ಒಲೆಗಿಟ್ಟು ಕಡ್ಡಿ ಗೀರಿದಳು. ಹೆಂಗಸರೆಲ್ಲ ದಾನದ ಬಕೆಟುಗಳನ್ನು ಬೋರಲು ಹಾಕಿ ಸಾಲಾಗಿ ಕುಳಿತರು. ಅವು ಮೊದಲ ಬಾರಿಗೆ ಪ್ರಯೋಜನಕ್ಕೆ ಬಂದವು.

ಧನಿಗಳು ಹಾರಿಬಿದ್ದರು. “ಏಯ್, ಎಂತ ಮಾಡುದು! ಒಲೆ ಹಚ್ಚಬೇಡ!”

“ಉಪವಾಸ ಬಿಡ್ಲಿಕ್ಕೆ ಗಂಜಿ ಬೇಡ್ವಾ ಧನಿ?”

“ಒಂದು ಕಿಡಿ ಹಾರಿದ್ರೆ ತೋಟ ಇಡೀ ಹೋಗ್ತದೆ ಮಾರಾಯ್ತಿ!”

“ಅದೇ ನೀವು ಹೇಳಿದ್ದಲ್ವಾ, ನನ್ನ ಒಲೆಯ ಬೆಂಕಿ ಭಾರೀ ದೂರ ಹಾರ್ತದೆ ಅಂತ. ನಾನೂ ಒಮ್ಮೆ ನೋಡ್ತೇನೆ.”

“ನೀರು! ನೀರು ತನ್ನಿ!” ಎಂದು ಧನಿಗಳು ಮನೆಯ ಕಡೆ ತಿರುಗಿ ಬೊಬ್ಬೆ ಹಾಕಿದರು. ಯಾರೋ ನೆಂಟರು ಬಂದರೆಂದು ಅವರ ಹೆಂಡತಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಹಿಡಿದುಕೊಂಡು ಓಡಿ ಬಂದರು.

“ಸೀತು, ಬಕೆಟ್! ಬಕೆಟ್‌ನಲ್ಲಿ ತಾ!”

“ಬಕೆಟ್ ಎಷ್ಟು ಬೇಕಾದ್ರೂ ಉಂಟು ಧನಿ,” ಎಂದೆ. “ನೀರು ನಿಮ್ಮಲ್ಲೇ ಇರುದು.” ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಹೆದರಿಕೆ ಅಷ್ಟರಲ್ಲಿ ಎಲ್ಲಿಗೋ ಹೋಗಿತ್ತು.

ಆಗಲೇ ಇನ್ಶೂರೆನ್ಸಿನವರ ಕಾರು ಬಂತು. ಬಿಳಿ ಅಂಗಿಯ ಒಬ್ಬರು ಇಳಿದು ಶೀಟು, ಒಲೆ, ಬಕೆಟ್, ಬೆಲ್ಲ ಎಲ್ಲವನ್ನೂ ನೋಡಿ ಕನ್ನಡಕ ಸರಿಮಾಡಿಕೊಂಡರು.

“ನೋಡಿ ಸಾರ್!” ಧನಿಗಳಿಗೆ ಜೀವ ಬಂತು. “ಇವ್ರು ಎಲ್ಲಿ ಬೇಕಾದ್ರೂ ಬೆಂಕಿ ಹಾಕುದು! ಮೊನ್ನೆಯೂ ಹೀಗೇ ಆದದ್ದು.”

ಸಾರ್ ಗೇಟಿನ ಸಂದಿಯಿಂದ ತೋಟದೊಳಗೆ ಇಣುಕಿದರು. “ಒಳಗೆ ಒಣಗಿದ ಎಲೆಯೇ ಇಲ್ಲವಲ್ಲ. ಬೆಂಕಿ ಹೇಗೆ ಹಿಡಿಯಿತು?”

“ನನ್ನ ತೋಟದಲ್ಲಿ ಎಲೆ ಎಲ್ಲಿಂದ ಸಾರ್?” ಧನಿಗಳ ಎದೆ ಉಬ್ಬಿತು. “ನಾನು ಅಷ್ಟು ಜಾಗ್ರತೆಯ ಮನುಷ್ಯ. ಹೊಸ ಮೆಷಿನ್ ತಂದು ಒಂದೆಲೆ ಬಿಡದೆ ಊದಿಸಿ ಬೇಲಿಯಾಚೆ ಹಾಕಿಸಿದ್ದೇನೆ.”

“ಬೇಲಿಯಾಚೆ ಅಂದರೆ?”

ಎಲ್ಲರೂ ಕರ್ರಗೆ ಸುಟ್ಟು ನಿಂತ ಗುಡ್ಡೆಯ ಕಡೆ ನೋಡಿದೆವು. ಧನಿಗಳೂ ನೋಡಿದರು. ಅವರ ಹೆಂಡತಿ ಬೆಲ್ಲದ ತುಂಡನ್ನು ತಾವೇ ಬಾಯಿಗೆ ಹಾಕಿಕೊಂಡರು.

ಈಗ ನ್ಯಾಯ ಆಗುತ್ತದೆ ಎಂದು ನಾನು ನಂಬಿದ್ದೆ. ಸುಳ್ಳು ಹೇಳುವುದಿಲ್ಲ, ನಿಜವಾಗಿ ನಂಬಿದ್ದೆ. ಸಾರ್ ಗುಡ್ಡೆ ನೋಡಿದರು, ಧನಿಗಳನ್ನು ನೋಡಿದರು, “ಹೂಂ, ನೋಡುವ,” ಎಂದರು.

“ಬನ್ನಿ ಸಾರ್, ಮನೆಗೆ. ಒಂದು ಬೊಂಡ ಕುಡಿದು ಮಾತಾಡುವ,” ಎಂದು ಧನಿಗಳು ಅವರ ಹೆಗಲಿಗೆ ಕೈ ಹಾಕಿದರು. ಇಬ್ಬರೂ ರಸ್ತೆ ದಾಟಿ ಜಗಲಿ ಹತ್ತಿದರು. ನಗುವುದೂ ಕೇಳಿಸಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಆಯಿಶಮ್ಮ ಮಾತ್ರ ಗಂಜಿಗೆ ಕಾಯಿಹಾಲು ಹಾಕಿ ಸೌಟಿನಲ್ಲಿ ತಿರುಗಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು: “ಸೀತು, ಗಾಡಿಯ ಹುಡುಗರು ಅವತ್ತು ಹೇಗೆ ಎತ್ತಿದ್ದು?”

ಮೊದಲು ಕೈ ಹಾಕಿದವಳು ನಾನೇ. ಬಾಕಿಯವರು ಇನ್ನೊಂದು ಬದಿ ಹಿಡಿದರು. ಹೈದರ್, “ಐಲೇಸಾ!” ಎಂದ. ಎರಡೂ ಬಾಗಿಲು ಒಟ್ಟಿಗೆ ಗೂಟದಿಂದ ಕಳಚಿ ಕೈಗೆ ಬಂದವು. ಗೇಟನ್ನು ನೆಲಕ್ಕೆ ಮಲಗಿಸಿ ಅದರ ಮೇಲೆಯೇ ಶೀಟು ಪೇರಿಸಿದೆವು. ಪೈಪು ಪೇರಿಸಿದೆವು. ಎಲ್ಲರೂ ಸೇರಿ ಹೆಗಲಿಗೇರಿಸಿದೆವು. ಆಯಿಶಮ್ಮ ಒಲೆಗೆ ಮಣ್ಣು ಹಾಕಿ ಆರಿಸಿ, ಗಂಜಿಯ ಪಾತ್ರೆ ಹೊತ್ತು ಮುಂದೆ ಹೊರಟಳು. ಅತ್ತೆಯ ಕಾಲದ ದಾರಿಯಲ್ಲಿ, ಧನಿಗಳ ಮರಗಳ ನಡುವೆ, ಧನಿಗಳ ಗೇಟನ್ನು ಹೊತ್ತುಕೊಂಡು ನಾವು ನಡೆದೆವು.

“ಏಯ್! ನನ್ನ ಗೇಟು!” ಬೊಂಡ ಹಿಡಿದ ಕೈ ಜಗಲಿಯಲ್ಲಿ ಅಲ್ಲಾಡಿತು.

“ಹೊರೆ ಇಳಿಸಿದ ಮೇಲೆ ನೋಡುವ ಧನಿ!” ಎಂದು ನಾನು ಕೂಗಿದೆ.

ಮಸೀದಿಯ ಬಾಂಗು ಕೇಳುವಾಗ ಸುಟ್ಟ ಗೋಡೆಗಳ ನಡುವೆ ಕುಳಿತು ಎಲ್ಲರೂ ಗಂಜಿ ಕುಡಿದೆವು. ಅಷ್ಟು ರುಚಿಯ ಗಂಜಿಯನ್ನು ನಾನು ಮತ್ತೆ ಕುಡಿದಿಲ್ಲ.

ಧನಿಗಳ ಮರಗಳಿಗೆ ಪರಿಹಾರ ಸಿಕ್ಕಿತು. ಅಂಥವರಿಗೆ ಯಾವಾಗಲೂ ಸಿಗುತ್ತದೆ. ನನ್ನನ್ನು ಕೆಲಸಕ್ಕೆ ಬರಬೇಡ ಎಂದರು. ನನ್ನ ಬದಲಿಗೆ ಕರೆದರೆ ಉಳಿದ ಹೆಂಗಸರೂ ಹೋಗಲಿಲ್ಲ. ರಬ್ಬರ್ ಮರ ತಾನಾಗಿ ಹಾಲು ಇಳಿಸಿ ಕೊಡುವುದಿಲ್ಲವಲ್ಲ, ಕೆಲವೇ ದಿನಗಳಲ್ಲಿ ಕರೆ ಬಂತು. ಪೊಲೀಸರಿಗೆ ಹೇಳುತ್ತೇನೆ ಎಂದದ್ದೂ ಬಾಯಲ್ಲೇ ಉಳಿಯಿತು. ಬೇಲಿಯಾಚೆಯ ಎಲೆಯ ಮಾತು ಸ್ಟೇಷನ್ನಿನಲ್ಲಿ ಏಳುವುದು ಅವರಿಗೆ ಬೇಕಿರಲಿಲ್ಲ.

ಶೀಟಿನ ಮಾಡು ಆಯಿತು. ಜುವೈರಿಯಾ ಆಟೋದಲ್ಲಿ ಅಂಗಳದವರೆಗೆ ಬಂದಳು. ಅವಳಿಗೆ ಹೆಣ್ಣು ಮಗು. ಸುಟ್ಟ ಬಾಗಿಲಿನ ಜಾಗದಲ್ಲಿ ಈಗ ಧನಿಗಳ ಗೇಟು ಒರಗಿ ನಿಂತಿದೆ. ನಡುವಿನ ಬೀಗ ಇನ್ನೂ ಹಾಕಿದ ಹಾಗೇ ಉಂಟು. ಕೋಳಿ ಅದರ ಮೇಲೆ ಕೂರುತ್ತದೆ.

ಮೊನ್ನೆ ಧನಿಗಳು ಮತ್ತೆ ನನ್ನಲ್ಲಿ ಹೇಳಿ ಕಳಿಸಿದರು, ಗೇಟು ವಾಪಸ್ ಕೊಡಬೇಕಂತೆ. ಆಯಿಶಮ್ಮ ಮಗುವಿಗೆ ಎಣ್ಣೆ ಉಜ್ಜುತ್ತಿದ್ದಳು.

“ನಾವು ಕದ್ದಿದ್ದೇವಾ? ಇಲ್ಲೇ ಉಂಟು. ಬಂದು ಕೊಂಡೋಗ್ಲಿ ಅಂತ ಹೇಳು. ದಾರಿ ಉಂಟಲ್ಲ ಈಗ,” ಎಂದಳು. ಮಗುವನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಎಣ್ಣೆ ಹಚ್ಚಿದಳು. “ಮಗು ನೋಡ್ಲಿಕ್ಕೆ ಬರುವಾಗ ಬಕೆಟ್ ಮಾತ್ರ ತರುದು ಬೇಡ ಅಂತಲೂ ಹೇಳು.”