ಎರಡೇ ಕೋಟ್

ಚಕ್ರದ ಕಡ್ಡಿಗಳ ಸಂದಿಯಲ್ಲಿ ಕೂತ ಬ್ರೇಕಿನ ಕಪ್ಪು ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಎಣ್ಣೆಯ ಪಸೆ ಒಂದಿಷ್ಟು ಉಳಿದರೂ, ಬೇಡವಾದಾಗ ಸಿಪ್ಪೆಯಂತೆ ಸುಲಿದು ತೆಗೆಯುವ ಈ ರಬ್ಬರ್ ಪೇಂಟ್ ಸರಿಯಾಗಿ ಕೂರುವುದಿಲ್ಲ. ಪಕ್ಕದ ಚಕ್ರದ ಬಳಿ ನನ್ನ ಓರಗಿತ್ತಿ, ಮೈದುನನ ಹೆಂಡತಿ, ಟೈರಿಗೆ ಬಣ್ಣ ತಾಗದಿರಲೆಂದು ರಿಮ್ಮಿನ ಸುತ್ತ ಹಳೆಯ ಇಸ್ಪೀಟ್ ಎಲೆಗಳನ್ನು ಸಾಲಾಗಿ ಸಿಕ್ಕಿಸುತ್ತಿದ್ದಳು.

"ಅಕ್ಕ, ಆ ಶಾಲೆಯವರಿಂದ ಇನ್ನೂ ಉತ್ತರ ಬರ್ಲಿಲ್ವಾ?"

"ಕಾಗದ ಹಾಕಿ ಮೂರು ವಾರ ಆಯ್ತು. ಬರುತ್ತೆ ಬಿಡು" ಎಂದೆ, ತಲೆ ಎತ್ತದೆ.

ಹಾಕಿರಲಿಲ್ಲ.

ವಾಹನ ರಿಪೇರಿ ಕಲಿಸುವ ಶಾಲೆಯೊಂದರಿಂದ ನಮ್ಮ ಶೆಡ್ಡಿಗೆ ಪತ್ರ ಬಂದಿತ್ತು. ನಿಮ್ಮಲ್ಲಿ ಬಣ್ಣ ಹೊಡೆಸಿದ ಚಕ್ರಗಳನ್ನು ನೋಡಿದೆವು, ಆ ಕೆಲಸ ಮಾಡಿದವರು ಯಾರೆಂದು ತಿಂಗಳ ಕೊನೆಯೊಳಗೆ ತಿಳಿಸಿ, ನಮ್ಮ ಹೆಣ್ಣುಮಕ್ಕಳಿಗೆ ಕಲಿಸಲು ಅವರು ಬೇಕು ಎಂದಿತ್ತು. ಓರಗಿತ್ತಿಗೆ ಓದುಬರಹ ಬಾರದು. ನಾನು ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತವಳು. ಮನೆಯ ಕಾಗದಪತ್ರವೆಲ್ಲ ನನ್ನದೇ. ಅವಳಿಗೆ ಓದಿ ಹೇಳಿದೆ, ಉತ್ತರವನ್ನೂ ಬರೆದೆ, ಸ್ಟಾಂಪೂ ಅಂಟಿಸಿದೆ. "ಈ ಕೆಲಸ ಮಾಡಿದವರು" ಎಂಬಲ್ಲಿಗೆ ಬಂದಾಗ ಮಾತ್ರ ಪೆನ್ನು ಮುಂದೆ ಹೋಗಲಿಲ್ಲ. ಜಾಗ ಖಾಲಿ ಬಿಟ್ಟು, ಲಕೋಟೆಯನ್ನು ಸ್ಯಾಂಡ್ ಪೇಪರಿನ ಕಟ್ಟಿನಡಿ ತುರುಕಿದೆ.

ಈ ಶೆಡ್ಡಿನಲ್ಲಿ ಮೂವತ್ತು ವರ್ಷ ಸವೆದವಳು ನಾನು. ಅವಳು ಬಂದು ನಾಲ್ಕು ವರ್ಷ. ಅವಳು ಸ್ಪ್ರೇ ಡಬ್ಬಿ ಅಲ್ಲಾಡಿಸಿ ಕೈ ಬೀಸಿದರೆ ಬಣ್ಣ ತಾನಾಗಿ ಹರಡಿ ಕೂರುತ್ತದೆ. ನಾನು ಬೀಸಿದರೆ ಸೋರುತ್ತದೆ. ಗಿರಾಕಿಗಳು ಬಾಗಿಲಲ್ಲೇ ನಿಂತು, "ಚಿಕ್ಕಮ್ಮ ಇಲ್ವಾ?" ಎಂದು ಅವಳ ಬಗ್ಗೆ ಕೇಳುವುದು ನನ್ನನ್ನೇ.

ಅಷ್ಟರಲ್ಲಿ ಹಲ್ಲಿನ ಡಾಕ್ಟರ ಕಾರು ಬಂತು. ಅದರ ಕಿಟಕಿ ಸುತ್ತಲಿನ ಹೊಳೆಯುವ ಪಟ್ಟಿಗೆ ಕಪ್ಪು ರಬ್ಬರ್ ಹೊಡೆದವಳು ನಾನು, ಹಿಂದೊಮ್ಮೆ ಓರಗಿತ್ತಿ ಊಟಕ್ಕೆ ಹೋಗಿದ್ದಾಗ. ಸೋರಬಾರದು, ಅವಳದರಷ್ಟೇ ನಯವಾಗಬೇಕು ಎಂಬ ಹಟದಲ್ಲಿ ತೆಳ್ಳಗೆ ಎರಡೇ ಕೋಟ್ ಹೊಡೆದಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಈಗ ಡಾಕ್ಟರು ಕಾರು ಮಾರಬೇಕು, ರಬ್ಬರ್ ಸುಲಿಯಬೇಕು. ಐದಾರು ಕೋಟಿನ ದಪ್ಪವಿದ್ದರೆ ತಾನೆ ಅದು ಹಾಳೆಯಾಗಿ ಎದ್ದು ಬರುವುದು? ನನ್ನದು ಉಗುರು ಹಾಕಿದಲ್ಲೆಲ್ಲ ಪುಡಿಪುಡಿಯಾಗಿ ಉದುರಿತು.

"ಇದಕ್ಕಿಂತ ಹಲ್ಲು ಕೀಳೋದೇ ವಾಸಿ. ಯಾರಮ್ಮ ಮಾಡಿದ್ದು ಇದನ್ನ?" ಎಂದರು ಡಾಕ್ಟರು.

ನಾನು ಬಾಯಿ ತೆರೆಯುವ ಮೊದಲೇ ಓರಗಿತ್ತಿ ಎದ್ದಳು. "ನಾನೇ ಸಾರ್. ಅವಸರದಲ್ಲಿ ಕೈ ತಪ್ತು. ಕಾರು ಬಿಟ್ಟು ಹೋಗಿ, ಸಾಯಂಕಾಲ ಬನ್ನಿ."

ನನ್ನ ಎರಡರ ಮೇಲೆ ಅವಳು ಇನ್ನೂ ನಾಲ್ಕು ಕೋಟ್ ದಪ್ಪಗೆ ಹೊಡೆದಳು. ಒಣಗಲು ಬಿಟ್ಟು, ಸಂಜೆ ತುದಿ ಹಿಡಿದು ಎಳೆದರೆ, ಕರೀ ಲಾಡಿಯಂತೆ ಎಲ್ಲ ಒಂದೇ ಪಟ್ಟಿಗೆ ಬಂತು. ಡಾಕ್ಟರು ಅವಳಿಗೇ ಶಭಾಷ್ ಎಂದು ಹೊರಟರು. ಕೈಚಳಕ ಅವಳದು, ಇರಲಿ. ನನ್ನ ತಪ್ಪನ್ನೂ ಅವಳೇ ತೆಗೆದುಕೊಂಡಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

"ನನ್ನ ಹತ್ರ ದೊಡ್ಡತನ ತೋರಿಸ್ಬೇಡ. ಆ ಕಾಗದ ನಾನು ಹಾಕೇ ಇಲ್ಲ" ಎಂದುಬಿಟ್ಟೆ.

"ಗೊತ್ತು" ಎಂದಳು, ಕೈ ಒರೆಸಿಕೊಳ್ಳುತ್ತ.

"ಏನು ಗೊತ್ತು?"

"ಸ್ಯಾಂಡ್ ಪೇಪರ್ ತೆಗೆಯೋವಾಗ ಸಿಕ್ತು. ಓದೋಕೆ ಬರ್ದಿದ್ರೂ ಕಣ್ಣು ಕಾಣುತ್ತಲ್ಲ ಅಕ್ಕ, ಸ್ಟಾಂಪ್ ಮೇಲೆ ಅಂಚೆ ಮುದ್ರೇನೇ ಇರ್ಲಿಲ್ಲ. ಎರಡು ವಾರ ಆಯ್ತು."

"ಗೊತ್ತಿದ್ದೂ ದಿನಾ ಉತ್ತರ ಬಂತಾ ಅಂತ ಕೇಳ್ತಿದ್ಯಲ್ಲೇ!"

"ಮತ್ತೆ? ಸುಮ್ನೆ ಬಿಡ್ಲಾ ನಿಮ್ಮನ್ನ?"

"ಬೇರೆ ಯಾರ ಕೈಲಾದ್ರೂ ಹಾಕಿಸಬಹುದಿತ್ತು."

"ಒಳಗೆ ಏನು ಬರ್ದಿದ್ದೀರೋ ಯಾರಿಗೆ ಗೊತ್ತು! ಇವತ್ತು ಡಾಕ್ಟ್ರು ನಿಮಗೆ ಬೈದಿದ್ರೆ ಇನ್ನೊಂದು ತಿಂಗಳು ಮುಖ ಊದಿಸ್ಕೊಂಡು ಕೂರ್ತಿದ್ರಿ, ಕಾಗದ ಅಲ್ಲೇ ಬಿದ್ದಿರ್ತಿತ್ತು." ಅಲ್ಲಿಯವರೆಗೂ ಗಟ್ಟಿಯಾಗಿದ್ದ ದನಿ ಒಡೆಯಿತು. "ಶನಿವಾರ ತಿಂಗಳು ಮುಗಿಯುತ್ತೆ ಅಕ್ಕ. ನನಗೆ ಹೋಗ್ಬೇಕು."

ಲಕೋಟೆ ತಂದೆ. ಕಾಗದ ಹೊರತೆಗೆದು ಖಾಲಿ ಜಾಗದಲ್ಲಿ ಅವಳ ಹೆಸರು ಬರೆದು, ಗಟ್ಟಿಯಾಗಿ ಓದಿದೆ.

"ನೀವು ಕಲಿಸಿದ್ದು ಅಂತಾನೂ ಸೇರ್ಸಿ" ಎಂದಳು.

"ಸುಳ್ಳು ಬರೆಯಲ್ಲ ಹೋಗೆ."

ನನ್ನ ಮೇಲೆ ನಂಬಿಕೆಯಿಲ್ಲದೆ ಬೀದಿ ತುದಿಯ ಅಂಚೆ ಡಬ್ಬಿಯವರೆಗೂ ಜೊತೆಗೇ ಬಂದಳು. ಹೊಟ್ಟೆಕಿಚ್ಚು ಎಲ್ಲೂ ಹೋಗಿರಲಿಲ್ಲ. ಡಬ್ಬಿಯ ಬಾಯಲ್ಲಿಟ್ಟ ಮೇಲೂ ಲಕೋಟೆಯ ಮೂಲೆ ನನ್ನ ಬೆರಳಲ್ಲೇ ಇತ್ತು.

"ಬಿಡಿ ಅಕ್ಕ" ಎಂದಳು.

ಬಿಟ್ಟೆ.