ಸ್ತೋತ್ರದ ಹಿಡಿ

ಗಂಗಪ್ಪನ ಬಲಗೈ ಮೊಣಕೈವರೆಗೂ ಗಡಿಗೆಯೊಳಗೆ ಹೋಗಿದ್ದಾಗ ಪಕ್ಕದ ಮನೆಯ ಕರೆವ್ವ ನೀರಿನ ಕೊಡ ಹೊತ್ತು ಒಳಗೆ ಬಂದಳು.

"ಯಣ್ಣಾ, ಏನ ಹುಡಕಾಕ ಹತ್ತಿ ಅದರಾಗ?"

ಅವನು ಸರಕ್ಕನೆ ಕೈ ಎಳೆದುಕೊಂಡ. ಏನು ಹುಡುಕುತ್ತಿದ್ದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಅಲ್ಲೇ ಪಡಸಾಲೆಯ ಚಾಪೆಯ ಮೇಲೆ ಹೆಂಡತಿ ರಾಯವ್ವ ಬಿಳಿ ಸೀರೆಯಲ್ಲಿ ಮಲಗಿದ್ದಳು. ಎಂಟು ದಿನದ ಜ್ವರ ಅವಳನ್ನು ಬೆಳಕು ಹರಿಯುವ ಹೊತ್ತಿಗೆ ಮುಗಿಸಿತ್ತು. ಕೇರಿಯ ಹೆಂಗಸರು ಮೈ ತೊಳೆಸಿ, ತಲೆ ಬಾಚಿ, ಎರಡೂ ಕೈ ಎದೆಯ ಮೇಲೆ ಜೋಡಿಸಿ ಹೋಗಿದ್ದರು. ಗಂಗಪ್ಪನಿಗೆ ಕುಂತಲ್ಲಿ ನಿಂತಲ್ಲಿ ಏನೂ ತೋಚುತ್ತಿರಲಿಲ್ಲ. ಆದರೆ ಅವನ ಬಲಗೈ ಮಾತ್ರ ದಿನದ ಹೊತ್ತಿಗೆ ಸರಿಯಾಗಿ ಎದ್ದು, ಒಲೆಯ ಪಕ್ಕದ ಗಡಿಗೆಗೆ ಹೋಗಿತ್ತು. ಆರು ವರ್ಷದ ರೂಢಿ. ಯಜಮಾನನಿಗೆ ಹೇಳದೆ ಕೇಳದೆ ಹೊರಟುಬಿಡುತ್ತಿತ್ತು.

"ಎಷ್ಟ ಐತಿ ಅಂತ ನೋಡಿದ್ನಿ," ಎಂದ.

"ನೋಡೂದೇನೈತಿ? ಅರ್ಧ ಐತಿ. ಈ ವರ್ಷನೂ ಅರ್ಧ." ಕರೆವ್ವ ಕೊಡ ಇಳಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬರೂ ಐತಾರ ಸುಗ್ಗಿ ಪ್ರಾರ್ಥನಿ. ಯಕ್ಕಾ ಅದ ಒಂದ ಕೊರಗಿನ್ಯಾಗ ಹ್ವಾದ್ಳ ನೋಡ."

ಸಂಪಗಾಂವದ ಆ ಕೇರಿಯಲ್ಲಿ ಯೇಸುವನ್ನು ನಂಬಿದ ಮನೆಗಳು ಹನ್ನೊಂದು. ಹನ್ನೊಂದೂ ಮನೆಗಳಲ್ಲಿ ಹೆಂಗಸರಿಗೆ ಒಂದು ನೇಮವಿತ್ತು. ಹೊತ್ತು ಮೂಡಿದಾಗೊಮ್ಮೆ, ಮುಳುಗಿದಾಗೊಮ್ಮೆ, ಒಲೆ ಹೊತ್ತಿಸುವ ಮುಂಚೆ ಜೋಳದ ಚೀಲದಿಂದ ಒಂದು ಹಿಡಿ ತೆಗೆದು, "ಯೇಸಪ್ಪಾ, ಸ್ತೋತ್ರ" ಎಂದು ಉಪಕಾರ ನೆನೆದು ಬೇರೆ ಗಡಿಗೆಗೆ ಹಾಕುವುದು. ಸುಗ್ಗಿಯ ಭಾನುವಾರ ಆ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ಪ್ರಾರ್ಥನಾ ಮಂದಿರಕ್ಕೆ ಒಯ್ದು, ಮೇಜಿನ ಮುಂದೆ ರಾಶಿ ಸುರಿಯುವುದು. ದಿಕ್ಕಿಲ್ಲದ ಮುದುಕಿಯರಿಗೆ ಆ ಜೋಳ ಹೋಗುತ್ತಿತ್ತು. ಗಡಿಗೆ ತುಂಬಿದ ಹೆಂಗಸಿನ ನಡಿಗೆಯೇ ಆ ದಿನ ಬೇರೆ. ಒಂದು ಕಾಲಕ್ಕೆ ರಾಯವ್ವನ ಗಡಿಗೆ ದಾರಿಯುದ್ದಕ್ಕೂ ಕಾಳು ಚೆಲ್ಲುತ್ತ ಹೋಗುತ್ತಿತ್ತು. ಹಿಂದೆ ಕೋಳಿಗಳು ಮೆರವಣಿಗೆ ಹೊರಡುತ್ತಿದ್ದವು. ಕಳೆದ ಆರು ಸುಗ್ಗಿಗಳಲ್ಲಿ ಅದು ಅರ್ಧಕ್ಕಿಂತ ಮೇಲೆ ಏರಲಿಲ್ಲ.

ಯಾಕೆ ಏರಲಿಲ್ಲ ಎಂಬುದು ಈ ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಈಗ ತನ್ನ ಬಲಗೈಯನ್ನು ಧೋತರಕ್ಕೆ ಒರೆಸುತ್ತ ನಿಂತಿದ್ದ.

*

ಅವರಿಗೊಬ್ಬಳು ಮಗಳಿದ್ದಳು. ಪಾಸ್ಟರ್ ಸಾಹೇಬರು ಪುಸ್ತಕದಲ್ಲಿ ಎಲಿಸಬೇತ ಎಂದು ಬರೆದುಕೊಂಡರು. ಕೇರಿಯ ನಾಲಗೆ ಅಷ್ಟು ದೂರ ಹೋಗಲಾರದೆ ಎಲಿಸವ್ವ ಎಂದಿತು. ಅರವತ್ತೊಂಬತ್ತರ ಶ್ರಾವಣದಲ್ಲಿ, ಒಂಬತ್ತು ತುಂಬಿದ ಹುಡುಗಿ, ವಿಷಮಜ್ವರದಲ್ಲಿ ಹದಿನೇಳು ದಿನ ಬೆಂದು ಹೋದಳು.

ಮಣ್ಣು ಕೊಟ್ಟು ಬಂದ ಸಂಜೆ ಗಂಗಪ್ಪ ಗೋಡೆಗೆ ಆತು ಕುಳಿತಿದ್ದ. ರಾಯವ್ವ ಎದ್ದಳು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಜೋಳ ತೆಗೆದಳು.

"ಯೇಸಪ್ಪಾ, ಒಂಬತ್ತ ವರ್ಷ ನನ್ನ ಉಡ್ಯಾಗ ಇಟ್ಟಿದ್ದಿ. ಸ್ತೋತ್ರ."

"ಏನಂದಿ?" ಗಂಗಪ್ಪ ಗೋಡೆ ಬಿಟ್ಟು ಮುಂದೆ ಬಂದ. "ಯಾತಕ್ಕ ಸ್ತೋತ್ರ? ಕಸಗೊಂಡದ್ದಕ್ಕನ?"

"ಕೊಟ್ಟದ್ದಕ್ಕ," ಎಂದಳು ಅವಳು. ಬೆರಳ ಸಂದಿಯಿಂದ ನೆಲಕ್ಕೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಗಡಿಗೆಗೆ ಹಾಕಿ, ಒಲೆ ಹೊತ್ತಿಸಿದಳು.

ಅವಳು ಎದೆ ಎದೆ ಬಡಿದುಕೊಂಡು ಅತ್ತಿದ್ದರೆ, ಆ ಯೇಸುವಿಗೆ ಬಾಯಿಗೆ ಬಂದದ್ದು ಅಂದಿದ್ದರೆ ಗಂಗಪ್ಪ ಅವಳನ್ನು ತಬ್ಬಿಕೊಂಡು ಅಳುತ್ತಿದ್ದ. ಈ ಸ್ತೋತ್ರ ಅವನನ್ನು ಒಂಟಿ ಮಾಡಿತು. ಮರುದಿನ ಮುಂಜಾನೆ ಅವಳು ಬಾವಿಗೆ ಹೋದಾಗ ಗಡಿಗೆಗೆ ಕೈ ಹಾಕಿ, ಒಂದು ಹಿಡಿ ತೆಗೆದು ಚೀಲಕ್ಕೆ ವಾಪಸು ಸುರಿದ. ಕೊಟ್ಟದ್ದನ್ನು ಕಸಿದುಕೊಳ್ಳುವುದು ನಿನಗೆ ಬರುತ್ತದೆಂದರೆ ನನಗೂ ಬರುತ್ತದೆ ಎಂದ, ಮನಸ್ಸಿನಲ್ಲೇ. ಅಂದಿನಿಂದ ಅವಳು ದಿನಕ್ಕೆ ಎರಡು ಹಿಡಿ ಹಾಕಿದಳು, ಅವನು ದಿನಕ್ಕೊಂದು ಹಿಡಿ ತೆಗೆದ.

ಗಂಗಪ್ಪ ಕೆಟ್ಟವನೇನಲ್ಲ. ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ದುಡಿದು, ಹುಬ್ಬಿಗೆಲ್ಲ ಹತ್ತಿ ಮೆತ್ತಿಕೊಂಡು ಬಂದು, ಕೂಲಿಯನ್ನು ಅವಳ ಕೈಗೇ ಕೊಡುತ್ತಿದ್ದ. ಅವಳ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಮೊದಲ ಸುಗ್ಗಿಗೆ ಗಡಿಗೆ ಅರ್ಧವೇ ಆದಾಗ ಅವಳು ಕೇಳುತ್ತಾಳೆ, ಜಗಳವಾಗುತ್ತದೆ, ಆಗ ಎಲ್ಲ ಹೇಳಿಬಿಡೋಣ ಎಂದು ಕಾದ. ಅವಳು ಕೇಳಲೇ ಇಲ್ಲ. ಗಡಿಗೆಯನ್ನು ನೋಡಿದಳು, ಆಮೇಲೆ ತನ್ನ ಅಂಗೈ ನೋಡಿಕೊಂಡಳು.

"ನನ್ನ ಕೈ ಬಿಗಿ ಆಗೇತೇನೋ," ಎಂದಳು, ಅಷ್ಟೇ.

ಮರುವರ್ಷ ಅವಳ ಹಿಡಿ ದೊಡ್ಡದಾಯಿತು. ಅವನದೂ ದೊಡ್ಡದಾಯಿತು. ಸಿಟ್ಟು ಯಾವಾಗ ಸವೆದುಹೋಯಿತೋ ಅವನಿಗೆ ನೆನಪಿಲ್ಲ. ಕೈ ಮಾತ್ರ ನಿಲ್ಲಲಿಲ್ಲ.

*

ಹತ್ತು ಗಂಟೆಗೆ ದೊಡವಾಡದಿಂದ ರಾಯವ್ವನ ತಮ್ಮ ಮುದಕಪ್ಪ ಬಂದ. ಅಕ್ಕನ ಕಾಲ ಮೇಲೆ ಬಿದ್ದು ಗೊಳೋ ಎಂದು ಅತ್ತ. ಅದಾದ ಮೇಲೆ ಪೆಟ್ಟಿಗೆ ಬಂತು. ಅವಳನ್ನು ಎತ್ತಿ ಪೆಟ್ಟಿಗೆಯಲ್ಲಿಡಲು ನಾಲ್ಕು ಜನ ಬಗ್ಗಿದರು. ತಲೆಯ ಕಡೆ ಹಿಡಿದ ಮುದಕಪ್ಪ ಗಕ್ಕನೆ ನಿಂತುಬಿಟ್ಟ.

"ಮಾವಾ, ಇದೇನ ಇದು? ಭಾರನ ಇಲ್ಲ. ನಮ್ಮಕ್ಕಗ ಹೊಟ್ಟಿಗಿ ಏನ ಹಾಕತಿದ್ರಿ ನೀವು?"

ಉತ್ತರ ಕೊಟ್ಟವಳು ಕರೆವ್ವ.

"ಅಣ್ಣಗ್ಯಾಕ ಅಂತೀಯೋ ಮುದಕಪ್ಪಾ? ಯಕ್ಕಾ ತಾನ ಬಿಟ್ಟಿದ್ಳು. ಅಣ್ಣಗ ನಾಕ ರೊಟ್ಟಿ ಬಡದು ತಾ ಒಂದ ತಿಂತಿದ್ಳು. ತನ್ನ ಪಾಲಿನ ಜ್ವಾಳ ಗಡಿಗಿಗಿ ಹಾಕತಿದ್ಳು, ತುಂಬವಲ್ದು ಅಂತ. 'ಯಕ್ಕಾ, ಚೀಲದಾಗ ಜ್ವಾಳ ಐತೆಲ್ಲ, ತಿನ್ನು' ಅಂದ್ರ, 'ಅದು ಅವರ ಪಾಲಿಂದವ್ವಾ, ದುಡಿಯೂ ಮೈ' ಅಂತಿದ್ಳು. ಈ ಎಂಟ ದಿನ ಏಳಾಕ ಆಗಲಿಲ್ಲ ನೋಡ, ನನ್ನ ಕರದು ನನ್ನ ಕೈಲೆ ಹಾಕಸಿದ್ಳು. 'ನಿನ್ನ ಕೈ ದೊಡ್ಡದೈತಿ ಕರೆವ್ವ, ನನ್ನ ಕೈಗೆ ಬರಕತ್ತ ಇಲ್ಲ, ಎಷ್ಟ ಹಾಕಿದ್ರೂ ಏರವಲ್ದು' ಅಂದ್ಳು."

ಆ ಎಂಟು ದಿನವೂ ಗಂಗಪ್ಪ ಗಡಿಗೆಯಿಂದ ತೆಗೆದಿದ್ದ. ಅವಳು ಜ್ವರದಲ್ಲಿ ನರಳುತ್ತಿದ್ದಾಗಲೂ, ಕಷಾಯ ಕಾಯಿಸಲು ಒಲೆಯ ಮುಂದೆ ಕುಳಿತಾಗ, ಎಡಗೈಯಲ್ಲಿ ಕೊಳ್ಳಿ ಮುಂದಕ್ಕೆ ನೂಕುತ್ತ ಬಲಗೈಯಿಂದ ತೆಗೆದಿದ್ದ. ಚೀಲ ಮೂಲೆಯಲ್ಲಿ ನಿಂತಿತ್ತು, ಕಂಠಮಟ್ಟ. ಅದರೊಳಗೆ ಅವಳ ಆರು ವರ್ಷದ ರೊಟ್ಟಿ ಇತ್ತು.

ಪಾಸ್ಟರ್ ದೇವಪುತ್ರಪ್ಪನವರು ಬೈಲಹೊಂಗಲದಿಂದ ಸೈಕಲ್ ತುಳಿದುಕೊಂಡು ಬಂದಾಗ ಹನ್ನೆರಡಾಗಿತ್ತು. ಹಿಂದಿನ ದಿನವೂ ಬಂದು ರಾಯವ್ವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋಗಿದ್ದರು. ಗಂಗಪ್ಪನನ್ನು ಬೇವಿನ ಮರದ ಕೆಳಗೆ ಕರೆದರು.

"ಗಂಗಪ್ಪ, ನಿನ್ನೆ ರಾಯವ್ವನವರು ನನಗ ಒಂದ ಮಾತ ಹೇಳ್ಯಾರ. ನಿಮಗ ತಿಳಿಸಬೇಕು. 'ಎಲಿಸಬೇತ ಹೋದ ಮ್ಯಾಲ ನನ್ನ ಮನಸಿನ್ಯಾಗ ಸ್ತೋತ್ರ ಕಡಿಮಿ ಆತ್ರಿ, ಅದಕ್ಕ ಗಡಿಗಿ ತುಂಬಲಿಲ್ಲ, ಯೇಸುಸ್ವಾಮಿಗೆ ಗೊತ್ತಾಗೇತಿ' ಅಂದ್ರು. 'ನನ್ನ ಮಣ್ಣ ಮಾಡೂ ಕುಣಿ ಮುಂದ, ಎಲ್ಲಾರೂ ಕೇಳೂಹಂಗ, ಅದಕ್ಕ ಕ್ಷಮಾ ಬೇಡರಿ' ಅಂತ ಮಾತ ತೊಗೊಂಡಾರ."

"ಸಾಹೇಬ್ರ—" ಎಂದ ಗಂಗಪ್ಪ. "ಸಾಹೇಬ್ರ, ಆ ಪ್ರಾರ್ಥನಿ ಮಾಡಬ್ಯಾಡ್ರಿ. ಆ ಗಡಿಗಿ..."

"ನಿಮಗ ಎಷ್ಟ ಸಂಕಟ ಆಗತೈತಿ ಅಂತ ಗೊತ್ತೈತಿ." ಪಾಸ್ಟರ್ ಅವನ ಹೆಗಲ ಮೇಲೆ ಕೈ ಇಟ್ಟರು. "ನಿಮ್ಮ ಸಲುವಾಗಿನೂ ಸ್ತೋತ್ರ ಹೇಳಿದ್ರು ನಿನ್ನೆ. 'ನನ್ನ ಗಂಡ ನಿನ್ನ ಮ್ಯಾಲ ಸಿಟ್ಟಾದ, ಪ್ರಾರ್ಥನಿ ಬಿಟ್ಟ, ಆದ್ರೂ ನಿನ್ನ ಗಡಿಗಿಗೆ ಒಂದ ದಿನ ಕೈ ಹಚ್ಚಲಿಲ್ಲ ಯೇಸಪ್ಪಾ, ಅಂಥಾ ಗಂಡನ್ನ ಕೊಟ್ಟಿ, ಸ್ತೋತ್ರ' ಅಂದ್ರು. ಅದನ್ನ ನೆನಸಿ ಧೈರ್ಯ ತೊಗೋರಿ."

ಅತ್ತ ಮುದಕಪ್ಪ ಪೆಟ್ಟಿಗೆಯ ಪಕ್ಕ ನಿಂತು ಇತ್ತಲೇ ನೋಡುತ್ತಿದ್ದ. ಕುಣಿಯ ಮುಂದೆ ಹೇಳುತ್ತೇನೆ, ಅಲ್ಲಿ ಎಲ್ಲರ ಮುಂದೆ ಹೇಳುತ್ತೇನೆ ಎಂದುಕೊಂಡ ಗಂಗಪ್ಪ. ಹೇಡಿಗೆ ಮುಂದಿನ ಗಳಿಗೆ ಯಾವಾಗಲೂ ಸಲೀಸು.

*

ಕ್ರೈಸ್ತರಿಗೆಂದು ಬಿಟ್ಟ ನೆಲ ಊರ ಹೊರಗೆ, ಎರೆಹೊಲದ ಅಂಚಿನಲ್ಲಿ. ಎಲಿಸವ್ವನ ಪಕ್ಕದಲ್ಲೇ ತೋಡಿದ್ದರು. ಸುತ್ತಲ ಹೊಲಗಳಲ್ಲಿ ಜೋಳ ಕೊಯ್ದಾಗಿ ಕೂಳೆ ನಿಂತಿತ್ತು. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದರು. ಕಿಂಚಿತ್ತೂ ತ್ರಾಸಾಗಲಿಲ್ಲ.

ಪಾಸ್ಟರ್ ಕಣ್ಣು ಮುಚ್ಚಿದರು. ಎಲ್ಲರೂ ಮುಚ್ಚಿದರು.

"ಕರ್ತನಾದ ಯೇಸುವೇ, ಈ ನಿನ್ನ ಮಗಳ ಜೀವಿತಕ್ಕಾಗಿ ನಿನಗೆ ಸ್ತೋತ್ರ. ಅವಳ ದುಡಿದ ಕೈಗಳಿಗಾಗಿ ಸ್ತೋತ್ರ. ಅವಳು ಹೊತ್ತ ದುಃಖ ನಿನಗೆ ಗೊತ್ತು. ತನ್ನ ಕೈ ಬಿಗಿಯಾಯಿತೆಂದು, ನಿನಗೆ ಸಲ್ಲಬೇಕಾದದ್ದನ್ನು ತಾನು ಸಲ್ಲಿಸಲಿಲ್ಲವೆಂದು ಅವಳು ಕಣ್ಣೀರಿಟ್ಟಳು. ಅವಳ ಅರ್ಧ ಗಡಿಗೆಯನ್ನು ಕ್ಷಮಿಸು, ಕರ್ತನೇ. ಅವಳ ಉಪಕಾರಸ್ಮರಣೆಯಿಲ್ಲದ ದಿನಗಳನ್ನು ಕ್ಷಮಿಸು."

ಈಗ, ಎಂದುಕೊಂಡ ಗಂಗಪ್ಪ. ಈಗ ಹೇಳಬೇಕು. ನಾಲಗೆ ಎತ್ತಿದ.

"ಆಮೆನ್," ಎಂದಿತು ಜನ. ಅವನ ಬಾಯಿಂದಲೂ ಅದೇ ಬಂತು. ಆರು ವರ್ಷದಿಂದ ಒಮ್ಮೆಯೂ ಆಡದ ಮಾತು ಅದು, ಇವತ್ತೇ ಹೊರಬಿತ್ತು.

ಹಾಡು ಎತ್ತಿದರು. ಮೊದಲ ಹಿಡಿ ಮಣ್ಣು ಗಂಡನದು. ಅವನು ಬಗ್ಗಿ ಒಂದು ಹಿಡಿ ತೆಗೆದುಕೊಂಡ. ಎರೆಮಣ್ಣು ಬಿಸಿಲಿಗೆ ಒಣಗಿ ಹರಳು ಹರಳಾಗಿತ್ತು. ಅಂಗೈಯಲ್ಲಿ ಜೋಳ ಹಿಡಿದಂತೆಯೇ ಇತ್ತು. ಬೆರಳು ಬಿಚ್ಚಿದ. ಪೆಟ್ಟಿಗೆಯ ಮೇಲೆ ಅದು ಕಾಳಿನ ಹಾಗೆಯೇ ಸದ್ದು ಮಾಡಿ ಬಿತ್ತು.

ಅವನು ಸರಿದು ದಾರಿ ಬಿಡಬೇಕಿತ್ತು. ಸರಿಯಲಿಲ್ಲ. ಮೊಣಕಾಲೂರಿದ. ಆಮೇಲೆ ಹೊಟ್ಟೆಯ ಮೇಲೆ ಮಲಗಿ ಬಲಗೈಯನ್ನು ಹೆಗಲವರೆಗೂ ಕುಣಿಯೊಳಗೆ ಇಳಿಬಿಟ್ಟ.

"ಮಾವಾ! ಏನ ಮಾಡಾಕ ಹತ್ತೀರಿ?" ಮುದಕಪ್ಪ ಓಡಿ ಬಂದು ಅವನ ಸೊಂಟ ಹಿಡಿದ.

"ಆಕಿ ಕೈ ಅಲ್ಲೋ," ಎಂದ ಗಂಗಪ್ಪ, ಮಣ್ಣಿಗೆ ಮುಖವಿಟ್ಟು. "ನನ್ನ ಕೈ. ಗಡಿಗ್ಯಾಗ ನನ್ನ ಕೈ ಇತ್ತೋ."

"ಹೌದ್ರಿ ಮಾವಾ, ಹೌದ್ರಿ," ಎಂದ ಮುದಕಪ್ಪ, ಹುಚ್ಚು ಹಿಡಿದವರನ್ನು ಸಮಾಧಾನ ಮಾಡುವ ದನಿಯಲ್ಲಿ. ಬೆಳಿಗ್ಗೆ ಆಡಿದ ಮಾತಿಗೆ ಅವನಿಗೆ ಈಗ ಪಶ್ಚಾತ್ತಾಪವಾಗಿತ್ತು. "ಏಳ್ರಿ. ನೀವು ಅಕ್ಕನ್ನ ಛಲೋ ನೋಡಕೊಂಡ್ರಿ. ಏಳ್ರಿ."

ಪೆಟ್ಟಿಗೆ ಇನ್ನೂ ಎರಡು ಗೇಣು ಕೆಳಗಿತ್ತು. ಅವನ ಬೆರಳುಗಳು ಗಾಳಿಯಲ್ಲಿ ತಡಕಾಡುತ್ತಿದ್ದವು. ಆಚೆ ದಂಡೆಯಲ್ಲಿ ಕರೆವ್ವ, ಹಾಡುತ್ತ, ಕಣ್ಣೀರಿಗೆ ಎದುರಿನದು ಕಾಣದೆ, ತನ್ನ ದೊಡ್ಡ ಕೈ ತುಂಬ ಮಣ್ಣು ತೆಗೆದು ಕುಣಿಗೆ ಸುರಿದಳು. ಅದರಲ್ಲಿ ಒಂದಷ್ಟು ಗಂಗಪ್ಪನ ತೆರೆದ ಅಂಗೈ ಮೇಲೆ ಬಿತ್ತು.

ಬೆರಳುಗಳು ತಾವಾಗಿ ಮುಚ್ಚಿಕೊಂಡು, ಆ ಹಿಡಿಯನ್ನು ಮೇಲಕ್ಕೆ ತಂದವು.